ಸಂಗೀತವನ್ನು ಓದಬಹುದೆ?

ಕಳೆದ ಸಂಚಿಕೆಯಲ್ಲಿ ಮಕ್ಕಳ ಕೈಬರಹದ ವಿಷಯವಾಗಿ ನಾವು ಬರೆದ ನಾಲ್ಕು ಮಾತುಗಳನ್ನು ಓದಿ ಕೆಲವರು ವಾಚಕ ಮಹಾಶಯರು ಕಾಗದಗಳನ್ನು ಬರೆದಿರುವರು. ಅವುಗಳಿಗೆ ಉತ್ತರವನ್ನು ಮುಂದಿನ ತಿಂಗಳು ಕೊಡುವೆವು. ಈ ತಿಂಗಳು ಎತ್ತಿಕೊಂಡಿರುವ ವಿಷಯವು ನಾವಾಗಿ ಆರಿಸಿದುದಲ್ಲ. ನಮ್ಮ ಮನೆಯ ಜಗುಲಿಗೆ ತಾನಾಗಿಯೇ ಬಂದುದು.

ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಮೂರನೆಯ ದಿನ ಸಂಜೆ ನಮ್ಮ ನೆರೆಮನೆಯ ಗೃಹಸ್ಥರು ತಮ್ಮ ಪತ್ನಿಯನ್ನೂ ಹದಿನಾರು ವರ್ಷದ ಮಗಳನ್ನೂ ಕರೆದುಕೊಂಡು ಬಂದರು. ಹುಡುಗಿಯು ಒಳ್ಳೆಯ ಅಂಕಗಳನ್ನು ಪಡೆದು ತೇರ್ಗಡೆಯಾಗಿದ್ದಳು. ಸಿಹಿಯ ಪೊಟ್ಟಣವನ್ನು ನಮ್ಮ ಮುಂದೆ ಇಟ್ಟರು. ಆದರೆ ಯಾರ ಮುಖದಲ್ಲಿಯೂ ಸಂತೋಷದ ಕಳೆ ಇರಲಿಲ್ಲ. ಕಾರಣವನ್ನು ಕೇಳಲಾಗಿ ಗೃಹಸ್ಥರು ಹೇಳಿದುದೇನೆಂದರೆ: "ಸ್ವಾಮಿ, ಇವಳಿಗೆ ಆರು ವರ್ಷಗಳಿಂದ ಸಂಗೀತ ಪಾಠವನ್ನು ಹೇಳಿಸಿದ್ದೇವೆ. ಜೂನಿಯರ್ ಪರೀಕ್ಷೆಯೂ ಆಗಿದೆ. ಹಾಡಬೇಡವೆಂದು ನಾನು ಎಂದೂ ಅಂದವನಲ್ಲ. ಈಗ ಪಿ.ಯು.ಸಿ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ಮನಃಶಾಸ್ತ್ರಗಳೊಡನೆ ಸಂಗೀತವನ್ನೂ ಒಂದು ಐಚ್ಛಿಕ ವಿಷಯವಾಗಿ ಓದುವೆನೆನ್ನುತ್ತಾಳೆ. ಹಾಡುವುದನ್ನು ಓದುವುದೆಂದರೇನು? ಅದು ಸಂಜೆಯ ಹೊತ್ತಿನ ಹವ್ಯಾಸವೇ ಹೊರತು ವಿದ್ಯೆಯಲ್ಲ. ಅದರಿಂದ ಹೊಟ್ಟೆ ತುಂಬುವುದಿಲ್ಲ. ಸುಲಭವಾಗಿ ಅಂಕ ಬರುವುದೆಂದು ಆರಿಸಿಕೊಂಡಳೆಂದು ಜನರೂ ಆಡಿಕೊಳ್ಳುವರು. ತಾವು ಮೇಷ್ಟರು, ತಮ್ಮ ಮಾತನ್ನು ಕೇಳುತ್ತಾಳೆ. ಒಂದು ಮಾತು ಬುದ್ಧಿ ಹೇಳಿ."

ತಾಯಿಯು ಅದುವರೆಗೆ ಸುಮ್ಮನಿದ್ದವರು, "ಮೂರು ದಿನಗಳಿಂದ ತಂಬೂರಿಯ ಗವಸನ್ನು ತೆಗೆದಿಲ್ಲ" ಎಂದಷ್ಟೇ ಹೇಳಿದರು. ಹುಡುಗಿಯು ನೆಲವನ್ನು ನೋಡುತ್ತ ನಿಂತಿದ್ದಳು.

ನಾವು ಆ ಸಂಜೆ ಬುದ್ಧಿಯನ್ನು ಹೇಳಲಿಲ್ಲ. ಎಂಟು ದಿನ ಅವಕಾಶ ಕೊಡಬೇಕೆಂದು ಕೇಳಿಕೊಂಡೆವು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದವರಿಗೆ ಇಷ್ಟು ಸಣ್ಣ ಪ್ರಶ್ನೆಗೆ ಎಂಟು ದಿನಗಳು ಏಕೆ ಬೇಕಾದುವೆಂದು ಗೃಹಸ್ಥರು ಆಶ್ಚರ್ಯಪಟ್ಟಿರಬಹುದು. ಅದರ ಕಾರಣವನ್ನು ಅವರಿಗೆ ಅಂದು ಹೇಳಲಿಲ್ಲ. ವಾಚಕರಿಗೆ ಇಂದು ಹೇಳುತ್ತೇವೆ.

1998ನೆಯ ಇಸವಿಯ ಬೇಸಗೆಯಲ್ಲಿ ನಮ್ಮಲ್ಲಿ ಸಂಸ್ಕೃತವನ್ನು ಓದಿದ್ದ ಹುಡುಗನೊಬ್ಬನು ಇದೇ ಪ್ರಶ್ನೆಯನ್ನು ಹಿಡಿದು ನಮ್ಮ ಬಳಿಗೆ ಬಂದಿದ್ದನು. ಬಡವರ ಮನೆಯ ಹುಡುಗ, ಕಂಠವು ಚೆನ್ನಾಗಿತ್ತು. ಶ್ಲೋಕವನ್ನು ಹೇಳಿಕೊಟ್ಟರೆ ವೃತ್ತದ ಹೆಸರನ್ನು ಕೇಳುವುದಕ್ಕೆ ಮೊದಲೇ ಅದರ ನಡೆಯನ್ನು ಹಿಡಿಯುತ್ತಿದ್ದನು. ಐವತ್ತು ಕಿಲೋಮೀಟರು ದೂರದ ಊರಿನ ಕಾಲೇಜಿನಲ್ಲಿ ಸಂಗೀತವನ್ನು ವಿಷಯವಾಗಿ ಇಟ್ಟಿರುವರೆಂದು ಯಾರಿಂದಲೋ ತಿಳಿದು, "ಅದನ್ನು ಓದಬಹುದೆ ಸಾರ್?" ಎಂದು ಕೇಳಿದನು. ಆಗ ನಮ್ಮ ಮುಂದೆ ಉತ್ತರ ಪತ್ರಿಕೆಗಳ ರಾಶಿಯಿದ್ದಿತು. ತಲೆಯನ್ನೂ ಎತ್ತದೆ, "ಹೊಟ್ಟೆಗೆ ಏನು ಮಾಡುವೆಯಪ್ಪ?" ಎಂದೆವು. ಅವನು ನಮಸ್ಕಾರ ಮಾಡಿ ಹೋದನು; ವಿಜ್ಞಾನವನ್ನು ತೆಗೆದುಕೊಂಡನು; ಗಣಿತದಲ್ಲಿ ಎರಡು ಸಲ ತಪ್ಪಿದನು; ಕಡೆಗೆ ಹೇಗೋ ಪಾಸಾಗಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನೆಂದು ಕೇಳಿದೆವು.

ಹಲವು ವರ್ಷಗಳ ಅನಂತರ ಒಂದು ಮದುವೆಯ ಮನೆಯಲ್ಲಿ ಅವನನ್ನು ಕಂಡೆವು. ಕಚೇರಿ ನಡೆಯುತ್ತಿದ್ದಿತು. ಜನರೆಲ್ಲ ಮಾತಿನಲ್ಲಿ ಮುಳುಗಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬನೇ ಕುಳಿತು ತೊಡೆಯ ಮೇಲೆ ತಾಳವನ್ನು ಹಾಕುತ್ತಿದ್ದವನು ಇವನೇ. "ಹಾಡುವುದುಂಟೋ?" ಎಂದು ಕೇಳಿದೆವು. "ಇಲ್ಲ ಸಾರ್, ಬಿಟ್ಟು ಬಹಳ ಕಾಲವಾಯಿತು" ಎಂದನು. ಅವನ ಸಂಸಾರವು ಸುಖವಾಗಿಯೇ ಇದೆ. ನಮ್ಮ ಮೇಲೆ ಕೋಪವೂ ಇಲ್ಲ. ಆದರೆ ಮನೆಗೆ ಹಿಂದಿರುಗುವಾಗ ನಮಗೆ ಒಂದು ವಿಷಯವು ಸ್ಪಷ್ಟವಾಯಿತು. ಆ ಹುಡುಗನು "ಗಾಯಕನಾಗಬಹುದೆ?" ಎಂದು ಕೇಳಿರಲಿಲ್ಲ, "ಓದಬಹುದೆ?" ಎಂದು ಕೇಳಿದ್ದನು. ನಾವು ಅವನು ಕೇಳದ ಪ್ರಶ್ನೆಗೆ ಉತ್ತರವನ್ನು ಕೊಟ್ಟು, ಕೇಳಿದ ಪ್ರಶ್ನೆಯನ್ನು ಹಾಗೆಯೇ ಬಿಟ್ಟಿದ್ದೆವು. ಆದಕಾರಣ ಈ ಸಲ ಆತುರಪಡದೆ, ಗೃಹಸ್ಥರ ಮೂರು ಆಕ್ಷೇಪಣೆಗಳನ್ನೂ ಒಂದೊಂದಾಗಿ ತೂಗಿ ನೋಡಿದೆವು.

ಮೊದಲನೆಯ ಆಕ್ಷೇಪಣೆ ಸಂಗೀತವು ವಿದ್ಯೆಯಲ್ಲವೆಂಬುದು. ನಮ್ಮ ಹಿರಿಯರ ಮತವು ಹೀಗಿರಲಿಲ್ಲ. ವಿದ್ಯೆಗಳು ಹದಿನೆಂಟೆಂದು ಎಣಿಸುವಾಗ ಆಯುರ್ವೇದ, ಅರ್ಥಶಾಸ್ತ್ರಗಳ ಪಂಕ್ತಿಯಲ್ಲಿಯೇ ಗಾಂಧರ್ವವನ್ನೂ ಎಣಿಸಿರುವರು. ಆರು ವೇದಾಂಗಗಳಲ್ಲಿ ಮೊದಲು ಹೇಳುವುದು ಶಿಕ್ಷೆಯನ್ನು. ಈಗಿನ ಕನ್ನಡದಲ್ಲಿ ಶಿಕ್ಷೆಯೆಂದರೆ ಬೆತ್ತದ ನೆನಪಾಗುವುದು. ಆದರೆ ಅಲ್ಲಿ ಶಿಕ್ಷೆಯೆಂದರೆ ವರ್ಣಗಳ ಉಚ್ಚಾರಣೆಯ ಶಾಸ್ತ್ರ. ಆ ಶಾಸ್ತ್ರದ ಗ್ರಂಥಗಳಲ್ಲಿ ಒಂದಾದ ನಾರದೀಯ ಶಿಕ್ಷೆಯು ಸಾಮಗಾನದ ಸ್ವರಗಳನ್ನೂ ಲೌಕಿಕ ಗಾನದ ಸ್ವರಗಳನ್ನೂ ಹೋಲಿಸಿ ಹೇಳುತ್ತದೆ. ಮಾತನ್ನು ಸರಿಯಾಗಿ ನುಡಿಯುವುದೂ ಸ್ವರವನ್ನು ಸರಿಯಾಗಿ ಹಿಡಿಯುವುದೂ ಒಂದೇ ಕಿವಿಯ ಕೆಲಸವೆಂದು ಹಿಂದಿನವರು ಬಲ್ಲವರಾಗಿದ್ದರು.

ಇದು ಶ್ರದ್ಧೆಯ ಮಾತಾಯಿತು. ಪ್ರಯೋಗದ ಮಾತು ಬೇಕೆನ್ನುವವರು ಭರತನ ನಾಟ್ಯಶಾಸ್ತ್ರವನ್ನು ನೋಡಬಹುದು. ಸಪ್ತಕದಲ್ಲಿ 22 ಶ್ರುತಿಗಳಿರುವುವೆಂದು ಭರತನು ಸುಮ್ಮನೆ ಹೇಳಿ ಬಿಡಲಿಲ್ಲ. ಒಂದೇ ಅಳತೆಯ ಎರಡು ವೀಣೆಗಳನ್ನು ಒಂದೇ ಶ್ರುತಿಗೆ ಕೂಡಿಸಿ, ಒಂದನ್ನು ಅಲುಗಾಡಿಸದೆ ಇಟ್ಟುಕೊಂಡು, ಇನ್ನೊಂದರ ತಂತಿಗಳನ್ನು ನಾಲ್ಕು ಹಂತಗಳಲ್ಲಿ ಇಳಿಸುತ್ತ ಬಂದರೆ, ಎಲ್ಲಿ ಯಾವ ಸ್ವರವು ಯಾವ ಸ್ವರದೊಡನೆ ಹೋಗಿ ಸೇರುವುದೆಂಬುದನ್ನು ಕಿವಿಯಿಂದಲೇ ಕಂಡುಕೊಳ್ಳಬಹುದೆಂದು ವಿವರಿಸಿರುವನು. ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಾಯಿಸಿ ನೋಡುವ ಈ ಕ್ರಮವನ್ನೇ ಇಂದು ವಿಜ್ಞಾನದ ಮೇಷ್ಟರು ಪ್ರಯೋಗಶಾಲೆಯಲ್ಲಿ ಕಲಿಸುವುದು.

ಗಣಿತದ ಮಾತನ್ನೂ ನೋಡೋಣ. ತಂಜಾವೂರಿನಲ್ಲಿ ನಾಯಕರ ಕಾಲದಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡನಾಡಿನ ಮೂಲದ ಮನೆತನದವರು. ಅವರ ಮಗನಾದ ವೆಂಕಟಮಖಿಯು 17ನೆಯ ಶತಮಾನದಲ್ಲಿ ಚತುರ್ದಂಡೀಪ್ರಕಾಶಿಕೆಯೆಂಬ ಗ್ರಂಥವನ್ನು ಬರೆದು 72 ಮೇಳಗಳ ಲೆಕ್ಕವನ್ನು ಕೊಟ್ಟನು. ಆ ಲೆಕ್ಕವು ಮನೆಯ ಮಕ್ಕಳಿಗೂ ಅರ್ಥವಾಗುವಂಥದು. ಷಡ್ಜ ಪಂಚಮಗಳು ಅಚಲವಾದುವು. ಷಡ್ಜಕ್ಕೂ ಮಧ್ಯಮಕ್ಕೂ ನಡುವೆ ನಾಲ್ಕು ಸ್ಥಾನಗಳಿವೆ. ಅವುಗಳಲ್ಲಿ ಎರಡನ್ನು ರಿಷಭ ಗಾಂಧಾರಗಳಿಗಾಗಿ ಆರಿಸಬೇಕು. ನಾಲ್ಕರಿಂದ ಎರಡನ್ನು ಆರು ಬಗೆಯಾಗಿ ಆರಿಸಬಹುದು. ಪಂಚಮದ ಮೇಲೆಯೂ ನಾಲ್ಕು ಸ್ಥಾನಗಳು. ಧೈವತ ನಿಷಾದಗಳಿಗೂ ಆರು ಬಗೆ. ಆರಾರಲಿ ಮೂವತ್ತಾರು. ಮಧ್ಯಮವು ಶುದ್ಧ, ಪ್ರತಿ ಎಂದು ಎರಡಾದುದರಿಂದ ಒಟ್ಟು 72. ಇವುಗಳಲ್ಲಿ ಅಂದು ಬಳಕೆಯಲ್ಲಿದ್ದುವು ಕೇವಲ 19. ಎಂದಮೇಲೆ ಹಾಡುವವರ ಕಂಠವು ಇನ್ನೂ ಮುಟ್ಟದೆ ಇದ್ದ ಎಡೆಯನ್ನು ಓದಿದವನ ಲೆಕ್ಕವು ಮೊದಲೇ ಮುಟ್ಟಿದ್ದಿತು. ಮುಂದೆ ಮಹಾ ವೈದ್ಯನಾಥ ಅಯ್ಯರ್ ಅವರು (1844–1893) ಆ 72 ಮೇಳಗಳನ್ನೂ ಒಂದೇ ರಾಗಮಾಲಿಕೆಯಲ್ಲಿ ಪೋಣಿಸಿ ಹಾಡಿ ತೋರಿಸಿದರು.

ವೆಂಕಟಮಖಿಯ ಅನಂತರದವರು ಮೇಳದ ಹೆಸರಿನಲ್ಲಿಯೇ ಅದರ ಸಂಖ್ಯೆಯನ್ನು ಅಡಗಿಸಿದರು. ಕಟಪಯಾದಿಯೆಂಬ ಕ್ರಮದಲ್ಲಿ ಅಕ್ಷರಕ್ಕೆ ಒಂದೊಂದು ಅಂಕ. 'ಮೇಚಕಲ್ಯಾಣಿ'ಯ ಮೊದಲೆರಡು ಅಕ್ಷರಗಳು ಮೇ, ಚ. ಪವರ್ಗದಲ್ಲಿ ಮಕಾರವು ಐದನೆಯದು. ಕಕಾರದಿಂದ ಎಣಿಸಿದರೆ ಚಕಾರವು ಆರನೆಯದು. ಅಂಕಗಳನ್ನು ಬಲದಿಂದ ಎಡಕ್ಕೆ ಓದಬೇಕು; 65 ಆಯಿತು. ಕಲ್ಯಾಣಿಯು 65ನೆಯ ಮೇಳ. ಹಾಗೆಯೇ ಮಾಯಾಮಾಳವಗೌಳದಲ್ಲಿ ಮಾ ಐದು, ಯಾ ಒಂದು, 15ನೆಯ ಮೇಳ. ಪುರಂದರದಾಸರು ಸರಳೆ ಜಂಟಿ ವರಸೆಗಳ ಪಾಠಕ್ರಮವನ್ನು ಈ ರಾಗದಲ್ಲಿಯೇ ಏರ್ಪಡಿಸಿದರೆಂದು ಪರಂಪರೆಯು ಹೇಳುತ್ತದೆ. ನಿತ್ಯವೂ ಮನೆಯಲ್ಲಿ ಮಗುವು ಕಿರುಚಿಕೊಳ್ಳುವ ಸರಳೆಯ ಹಿಂದೆ ಇಷ್ಟು ವ್ಯಾಕರಣವೂ ಇಷ್ಟು ಗಣಿತವೂ ಇರುವಾಗ, ಇದು ವಿದ್ಯೆಯಲ್ಲವೆಂದು ಹೇಳುವುದಕ್ಕೆ ನಮ್ಮ ನಾಲಗೆಯು ಏಳುವುದಿಲ್ಲ.

ಇರಲಿ, ಶಾಲೆಯ ಕಡೆಯ ಎರಡು ವರ್ಷಗಳಲ್ಲಿ ಕಲಿಸುವುದಾದರೂ ಏನು? ಹಾಡುಗಳನ್ನು ಬಾಯಿಪಾಠ ಮಾಡಿಸುವುದಷ್ಟೇ ಎಂದು ಗೃಹಸ್ಥರ ತಿಳಿವಳಿಕೆ. ನಮ್ಮ ರಾಜ್ಯದ ಪಿ.ಯು.ಸಿ.ಯಲ್ಲಿ ಕರ್ನಾಟಕ ಸಂಗೀತ, ಹಿಂದೂಸ್ಥಾನಿ ಸಂಗೀತಗಳೆರಡೂ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಉಂಟು. ಕೇಂದ್ರದ ಸಿ.ಬಿ.ಎಸ್.ಇ. ಮಂಡಲಿಯ ಹನ್ನೊಂದು, ಹನ್ನೆರಡನೆಯ ತರಗತಿಗಳಲ್ಲಿಯೂ ಉಂಟು. ಅಲ್ಲಿ ನೂರು ಅಂಕಗಳಲ್ಲಿ 30 ಬರವಣಿಗೆಯ ಶಾಸ್ತ್ರಭಾಗಕ್ಕೂ 70 ಹಾಡುವ ಅಥವಾ ನುಡಿಸುವ ಪ್ರಯೋಗಭಾಗಕ್ಕೂ ಮೀಸಲು. ರಾಗಗಳ ಲಕ್ಷಣ, ತಾಳಗಳ ಅಂಗಗಳು, ಸ್ವರಲಿಪಿ, ವಾದ್ಯಗಳ ರಚನೆ, ವಾಗ್ಗೇಯಕಾರರ ಚರಿತ್ರೆ, ಹಳೆಯ ಲಕ್ಷಣಗ್ರಂಥಗಳ ಪರಿಚಯ, ಇವು ಶಾಸ್ತ್ರಭಾಗದಲ್ಲಿ ಸಾಮಾನ್ಯವಾಗಿ ಬರತಕ್ಕವು.

ತಾಳದ ಒಂದು ಉದಾಹರಣೆಯಿಂದ ಇದು ತಿಳಿಯಬಹುದು. ಆದಿತಾಳಕ್ಕೆ ಎಂಟು ಅಕ್ಷರವೆಂದು ಹಾಡುವ ಮಕ್ಕಳಿಗೆಲ್ಲ ಗೊತ್ತು. ಏತಕ್ಕೆ ಎಂಟು ಎಂದರೆ ಅನೇಕರು ಹೇಳಲಾರರು. ಅದು ಚತುರಶ್ರ ಜಾತಿಯ ತ್ರಿಪುಟ. ನಾಲ್ಕಕ್ಷರದ ಒಂದು ಲಘು, ಎರಡೆರಡು ಅಕ್ಷರದ ಎರಡು ದ್ರುತ, ಒಟ್ಟು ಎಂಟು. ಅದೇ ತ್ರಿಪುಟವು ತಿಶ್ರ ಜಾತಿಯದಾದರೆ ಮೂರು, ಎರಡು, ಎರಡು ಸೇರಿ ಏಳು. ಹೀಗೆ ಏಳು ತಾಳಗಳೂ ಐದು ಜಾತಿಗಳೂ ಕೂಡಿ 35 ತಾಳಗಳು. ಕೈಯು ಅಭ್ಯಾಸದಿಂದ ಮಾಡುತ್ತಿದ್ದುದನ್ನು ಬುದ್ಧಿಯು ಕಾರಣದಿಂದ ತಿಳಿಯುವುದೇ ಓದುವುದು. ನಾವು ಸಂಸ್ಕೃತವನ್ನು ಕಲಿಸುವಾಗಲೂ ಹೀಗೆಯೇ ಆಗುತ್ತಿದ್ದಿತು. ಮನೆಯಲ್ಲಿ ಸ್ತೋತ್ರಗಳನ್ನು ಕಂಠಪಾಠ ಮಾಡಿ ಬಂದ ಮಗುವು ಶಾಲೆಯಲ್ಲಿ ವಿಭಕ್ತಿಗಳನ್ನು ಕಲಿತ ದಿನ, ತಾನು ಇಷ್ಟು ವರ್ಷ ಹೇಳುತ್ತಿದ್ದುದಕ್ಕೆ ಅರ್ಥವಿರುವುದನ್ನು ಕಂಡು ಕಣ್ಣರಳಿಸುವುದುಂಟು.

ಹೊರದೇಶಗಳಲ್ಲಿಯೂ ಇದು ಹೊಸದಲ್ಲ. ಗ್ರೀಕರ ಪೈಥಾಗೊರಸನ ಸಂಪ್ರದಾಯದವರು ತಂತಿಯನ್ನು ಅರ್ಧಮಾಡಿದರೆ ಮೇಲಿನ ಷಡ್ಜವೂ ಮೂರರಲ್ಲಿ ಎರಡು ಪಾಲುಮಾಡಿದರೆ ಪಂಚಮವೂ ನುಡಿಯುವುದನ್ನು ಕಂಡು, ಸಂಗೀತವನ್ನು ಅಂಕಗಣಿತ, ರೇಖಾಗಣಿತ, ಜ್ಯೋತಿಷಗಳ ಜೊತೆಯಲ್ಲಿ ಇರಿಸಿದರು. ಯೂರೋಪಿನ ಹಳೆಯ ವಿದ್ಯಾಪೀಠಗಳಲ್ಲಿ ಈ ನಾಲ್ಕೂ ಒಟ್ಟಾಗಿಯೇ ಪಾಠವಾಗುತ್ತಿದ್ದುವು. ಇಂದಿಗೂ ಇಂಗ್ಲೆಂಡಿನಲ್ಲಿ ಶಾಲೆಯ ಕಡೆಯ ಎರಡು ವರ್ಷಗಳ ಎ-ಲೆವೆಲ್ ಪರೀಕ್ಷೆಗೆ ಸಂಗೀತವನ್ನು ಆರಿಸಿಕೊಂಡವರು ಹಾಡಿ ಅಥವಾ ನುಡಿಸಿ ತೋರಿಸಬೇಕು, ತಾವೇ ರಚನೆ ಮಾಡಬೇಕು, ಕೇಳಿಸಿದ ಸಂಗೀತವನ್ನು ವಿಮರ್ಶಿಸಿ ಬರೆಯಬೇಕು. ನಮ್ಮ ದೇಶದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಪಠ್ಯ, ಪಠ್ಯೇತರವೆಂದು ಗಟ್ಟಿ ಗೋಡೆಯನ್ನು ಕಟ್ಟಬಾರದೆಂದು ಹೇಳಿರುವರು.

ಎರಡನೆಯ ಆಕ್ಷೇಪಣೆ ಜೀವನೋಪಾಯದ್ದು. ಇದನ್ನು ಹಗುರವಾಗಿ ತಳ್ಳಿಹಾಕುವವರು ಸಂಸಾರವನ್ನು ನಡೆಸಿದವರಲ್ಲ. ಕಚೇರಿಯ ವೇದಿಕೆಯಿಂದಲೇ ಮನೆಯನ್ನು ನಡೆಸುವವರು ಕೆಲವೇ ಮಂದಿ; ಅದನ್ನು ಮರೆಮಾಚಿ ಮಕ್ಕಳಲ್ಲಿ ಆಸೆ ಹುಟ್ಟಿಸುವುದು ಪಾಪವೇ ಸರಿ. ಭೌತಶಾಸ್ತ್ರ ಗಣಿತಗಳನ್ನು ಓದದವರಿಗೆ ಎಂಜಿನಿಯರಿಂಗಿನ ಬಾಗಿಲೂ, ಜೀವಶಾಸ್ತ್ರವನ್ನು ಓದದವರಿಗೆ ವೈದ್ಯವಿದ್ಯೆಯ ಬಾಗಿಲೂ ಮುಚ್ಚುವುವೆಂಬುದನ್ನು ಮಗುವಿಗೆ ಮೊದಲೇ ತಿಳಿಸಬೇಕು. ಆದರೆ ಗೃಹಸ್ಥರು ಒಂದನ್ನು ಮರೆತಿದ್ದರು. ಅವರ ಮಗಳಿಗೆ ಆ ಎರಡು ಬಾಗಿಲುಗಳ ಕಡೆಗೆ ಮನಸ್ಸಿರಲಿಲ್ಲ. ಸಂಗೀತವಿಲ್ಲದಿದ್ದರೂ ಅವಳು ಕಲಾವಿಭಾಗವನ್ನೇ ಆರಿಸುವವಳು. ಎರಡು ಭಾಷೆಗಳೂ ನಾಲ್ಕು ಐಚ್ಛಿಕ ವಿಷಯಗಳೂ ಸೇರಿ ಆರಲ್ಲಿ ಸಂಗೀತವು ಒಂದು ಮಾತ್ರ. ಉಳಿದ ಐದೂ ಎಲ್ಲರಂತೆಯೇ ಇರುವುವು. ಪದವಿ, ಕಾನೂನು, ಶಿಕ್ಷಕರ ತರಬೇತಿ, ಸರ್ಕಾರದ ಪರೀಕ್ಷೆಗಳು, ಇವುಗಳಲ್ಲಿ ಯಾವುದಕ್ಕೂ ಆ ಒಂದು ವಿಷಯವು ಅಡ್ಡಬರುವುದಿಲ್ಲ. ಸಂಗೀತದಲ್ಲಿಯೇ ಮುಂದುವರಿಯುವುದಾದರೆ ಪದವಿಯ ತರಗತಿಗಳುಂಟು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾನಿಲಯವೇ ಉಂಟು. ಆಕಾಶವಾಣಿಯು ಕಲಾವಿದರನ್ನು ಪರೀಕ್ಷಿಸಿ ಶ್ರೇಣಿಯನ್ನು ಕೊಡುವ ಪದ್ಧತಿಯುಂಟು. ಪಾಠ ಹೇಳುವ ಕೆಲಸವಂತೂ ಊರೂರಿಗೂ ಬೇಕು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯೋಣ. ಅಲ್ಲಿ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ತಾವು ಕಣ್ಣಿಲ್ಲದವರಾಗಿದ್ದು, ಕಣ್ಣಿಲ್ಲದ ಮಕ್ಕಳಿಗೂ ಬಡಮಕ್ಕಳಿಗೂ ಅನ್ನವನ್ನಿಕ್ಕಿ ಸಂಗೀತವನ್ನು ಕಲಿಸಿದರು. ಬೇರೆ ಕಡೆಯಲ್ಲಿ ಭಿಕ್ಷೆಯೇ ಗತಿಯೆಂದು ಜನರು ಕೈಬಿಟ್ಟ ಮಕ್ಕಳು ಅಲ್ಲಿ ವಿದ್ಯಾವಂತರಾಗಿ ತಲೆಯೆತ್ತಿ ಬದುಕಿದರು. ಸಂಗೀತದಿಂದ ಹೊಟ್ಟೆ ತುಂಬುವುದಿಲ್ಲವೆಂಬ ಮಾತನ್ನು ಆ ಆಶ್ರಮದ ಬಾಗಿಲಿನಲ್ಲಿ ನಿಂತು ಹೇಳುವುದು ಕಷ್ಟ.

ಇನ್ನೊಂದು ಮಾತು. ಸಂಗೀತವನ್ನು ಓದಿದವರೆಲ್ಲ ಅದರಿಂದಲೇ ಜೀವಿಸಬೇಕೆಂಬ ವಿಧಿಯೇನೂ ಇಲ್ಲ. 13ನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವನು ದೇವಗಿರಿಯ ಯಾದವ ರಾಜನಾದ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರಗಳ ಅಧಿಕಾರಿಯಾಗಿದ್ದನು. ಹಿಂದೂಸ್ಥಾನಿ ರಾಗಗಳನ್ನು ಹತ್ತು ಥಾಟುಗಳಲ್ಲಿ ವಿಂಗಡಿಸಿದ ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಕಾನೂನನ್ನು ಓದಿ ವಕೀಲಿ ಮಾಡಿದವರು. ಇತಿಹಾಸವನ್ನು ಓದಿದ ಮಗನನ್ನು, "ಏನಪ್ಪ, ರಾಜನಾಗುವೆಯೋ?" ಎಂದು ನಾವು ಕೇಳುವುದಿಲ್ಲ. ಸಂಗೀತವನ್ನು ಓದುವೆನೆಂದವಳನ್ನು ಮಾತ್ರ, "ದೊಡ್ಡ ಗಾಯಕಿಯಾಗುವೆಯೋ?" ಎಂದು ಕೇಳುವುದು ಯಾವ ನ್ಯಾಯ?

ಮೂರನೆಯ ಆಕ್ಷೇಪಣೆಯು ಅಂಕಗಳದು. ಇದರಲ್ಲಿ ಸತ್ಯಾಂಶವುಂಟೆಂದು ಒಪ್ಪಬೇಕು. ಸುಲಭವೆಂದು ಆರಿಸುವವರೂ ಇರುವರು. ತಂಬೂರಿಯನ್ನೇ ಮುಟ್ಟದೆ ಟಿಪ್ಪಣಿಗಳನ್ನು ಬರೆಯಿಸಿ ಪಾಠವನ್ನು ಮುಗಿಸುವ ತರಗತಿಗಳೂ ಇರುವುವು. ತೋಡಿಯ ಲಕ್ಷಣವನ್ನು ಒಂದು ಪುಟ ಬರೆದು, ತೋಡಿಯನ್ನು ಕೇಳಿದಾಗ ಗುರುತಿಸಲಾರದ ವಿದ್ಯಾರ್ಥಿಯನ್ನು ನಾವೇ ಕಂಡಿರುವೆವು. ಆದುದರಿಂದಲೇ ಹಿರಿಯ ವಿದ್ವಾಂಸರಲ್ಲಿ ಕೆಲವರು, ಸಂಗೀತವು ಗುರುಮುಖದಿಂದ ಬರತಕ್ಕದ್ದೇ ಹೊರತು ಗಂಟೆ ಬಾರಿಸುವ ಶಾಲೆಯಿಂದಲ್ಲವೆನ್ನುವರು. ಈ ವಾದವು ನೂರು ವರ್ಷಗಳಿಗೂ ಹಳೆಯದು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದಾಗಲೂ, 1926ರಲ್ಲಿ ಲಖನೌವಿನಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಸಂಗೀತ ಕಾಲೇಜು ಆರಂಭವಾದಾಗಲೂ ಇದೇ ಸಂದೇಹವಿದ್ದಿತು. ಆದರೆ ಗುರುಕುಲದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ನೆನೆಯಬೇಕು. ಶಾಲೆಯ ಬಾಗಿಲಲ್ಲಿ ಮನೆತನವನ್ನು ಕೇಳುವುದಿಲ್ಲ.

ಪರೀಕ್ಷೆಯು ಸ್ಥಾಲೀಪುಲಾಕ ನ್ಯಾಯದಂತೆ ಅನ್ನದ ಒಂದು ಅಗುಳನ್ನು ಹಿಸುಕಿ ಪಾತ್ರೆಯನ್ನೆಲ್ಲ ಊಹಿಸುವ ಕೆಲಸ. ಅನ್ನಕ್ಕೆ ಅದು ಸಾಕು, ಮನೋಧರ್ಮಕ್ಕೆ ಸಾಲದು. ಇಪ್ಪತ್ತು ನಿಮಿಷದಲ್ಲಿ ಪರೀಕ್ಷಕನು ಶ್ರುತಿಶುದ್ಧಿಯನ್ನೂ ತಾಳವನ್ನೂ ಪಾಠಾಂತರವನ್ನೂ ತೂಗಬಲ್ಲನು. ರಾಗವು ಮಗುವಿನ ಮನಸ್ಸಿನಲ್ಲಿ ಬೇರೂರಿದೆಯೇ ಎಂಬುದನ್ನು ತೂಗಲಾರನು. ಆದಕಾರಣ ಕಾಲೇಜಿನ ಪಾಠವನ್ನೂ ಮನೆಯ ಗುರುಗಳ ಪಾಠವನ್ನೂ ಒಂದಕ್ಕೊಂದು ಬದಲೆಂದು ಭಾವಿಸಬಾರದು. ಗುರುಗಳಿಂದ ಲಕ್ಷ್ಯವು, ಕಾಲೇಜಿನಿಂದ ಲಕ್ಷಣವು. ಒಂದಿಲ್ಲದೆ ಇನ್ನೊಂದು ಕುಂಟು.

ಈ ವಿಷಯವನ್ನು ಆರಿಸಿಕೊಳ್ಳುವ ಮಕ್ಕಳಿರುವ ಮನೆಗಳಿಗೆ ನಮ್ಮ ಬಿನ್ನಹ ಇಷ್ಟೆ. ಮೊದಲನೆಯದಾಗಿ, ಎಲ್ಲ ಕಾಲೇಜುಗಳಲ್ಲಿಯೂ ಸಂಗೀತವಿರುವುದಿಲ್ಲ. ಇರುವ ಕಡೆಗೆ ತಂದೆತಾಯಿಗಳೇ ಹೋಗಿ, ಅದಕ್ಕಾಗಿ ಅಧ್ಯಾಪಕರುಂಟೇ, ಶ್ರುತಿಯನ್ನು ಇಟ್ಟು ಪಾಠ ಮಾಡುವರೇ ಎಂಬುದನ್ನು ಕಣ್ಣಾರೆ ಕಂಡು ಬರಬೇಕು. ಇಲ್ಲವಾದರೆ ಬೇರೆ ವಿಷಯವೇ ಲೇಸು. ಎರಡನೆಯದಾಗಿ, ಗಣಿತವನ್ನು ಓದುವ ಮಗನಿಗೆ ಯಾವ ಮೌನವನ್ನೂ ಯಾವ ಕೋಣೆಯನ್ನೂ ಕೊಡುವೆವೋ ಅದನ್ನೇ ಹಾಡುವ ಮಗಳಿಗೂ ಕೊಡಬೇಕು. ಬೆಳಗ್ಗೆ ಒಂದು ಗಂಟೆ ಅವಳನ್ನು ಅಂಗಡಿಗೂ ಅಡಿಗೆಮನೆಗೂ ಕೂಗಬಾರದು. ಮೂರನೆಯದಾಗಿ, ಬಂದ ನೆಂಟರ ಮುಂದೆಲ್ಲ ಹಾಡಿಸಬಾರದು. ಇತಿಹಾಸವನ್ನು ಓದುವವನಿಂದ ನೆಂಟರ ಮುಂದೆ ಇಸವಿಗಳನ್ನು ಹೇಳಿಸುವ ವಾಡಿಕೆಯಿಲ್ಲವಷ್ಟೆ. ನಾಲ್ಕನೆಯದಾಗಿ, ಗಂಡುಮಕ್ಕಳ ಕಂಠವು ಆ ವಯಸ್ಸಿನ ಸುಮಾರಿಗೆ ಒಡೆದು ಹೊಸದಾಗುವುದು. ಹಳೆಯ ಶ್ರುತಿಗೆ ಬಲವಂತ ಮಾಡದೆ ಕೆಳಗಿನ ಶ್ರುತಿಗೆ ಇಳಿದು ತಾಳ್ಮೆಯಿಂದ ಕಾಯಬೇಕು. ಕಡೆಯದಾಗಿ, ಮಗುವನ್ನು ಹೀಗೆ ಕೇಳಿ ನೋಡಬೇಕು: ಹಾಡಲು ಆಸೆಯೋ, ತಿಳಿಯಲು ಆಸೆಯೋ? ಹಾಡಲು ಮಾತ್ರ ಆಸೆಯಾದರೆ ಗುರುಗಳ ಮನೆ ಸಾಕು. ತಿಳಿಯಲೂ ಆಸೆಯಾದರೆ ಓದಬೇಕು.

ಎಂಟನೆಯ ದಿನ ಮೂವರೂ ಬಂದರು. ನಾವು ಹುಡುಗಿಯನ್ನು ಹಾಡೆಂದು ಕೇಳಲಿಲ್ಲ. "ಸಂಗೀತದಲ್ಲಿ ನಿನಗೆ ತಿಳಿಯದಿರುವುದು ಏನು, ಮಗು?" ಎಂದು ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದಳು: "ನಮ್ಮ ಮೋಹನಕ್ಕೂ ಹಿಂದೂಸ್ಥಾನಿಯ ಭೂಪಕ್ಕೂ ಅವೇ ಐದು ಸ್ವರಗಳು, ತಾತ. ದೇಶಕಾರವೆಂದು ಇನ್ನೊಂದುಂಟು, ಅದಕ್ಕೂ ಅವೇ ಐದು. ಭೂಪವನ್ನು ರಾತ್ರಿ ಹಾಡುವರು, ದೇಶಕಾರವನ್ನು ಬೆಳಗ್ಗೆ ಹಾಡುವರು. ಒಂದರಲ್ಲಿ ಗಾಂಧಾರದ ಮೇಲೆ ನಿಲ್ಲುವರು, ಇನ್ನೊಂದರಲ್ಲಿ ಧೈವತದ ಮೇಲೆ. ಕೇಳಿದರೆ ಮೂರೂ ಬೇರೆ ಬೇರೆಯೆಂದು ಗೊತ್ತಾಗುತ್ತದೆ. ಸ್ವರ ಒಂದೇ ಆದಮೇಲೆ ರಾಗ ಬೇರೆಯಾಗುವುದು ಹೇಗೆ? ನಮ್ಮ ಗುರುಗಳು ಹಾಡಿ ತೋರಿಸುತ್ತಾರೆ. ನನಗೆ ಅದನ್ನು ಮಾತಿನಲ್ಲಿ ಹೇಳಲು ಬರಬೇಕು."

ಗೃಹಸ್ಥರು ಮಗಳ ಮುಖವನ್ನು ನೋಡಿದರು. ಆರು ವರ್ಷ ಪಾಠಕ್ಕೆ ಹಣವನ್ನು ತೆತ್ತವರು ಅವಳ ಈ ಪ್ರಶ್ನೆಯನ್ನು ಅದುವರೆಗೆ ಕೇಳಿರಲಿಲ್ಲವೆಂದು ತೋರಿತು. ನಾವು, "ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ, ಸ್ವಾಮಿ. ಇದನ್ನು ಓದಿಯೇ ತಿಳಿಯಬೇಕು" ಎಂದೆವು. ಹೇಳುವಾಗ, ಅಂದು ತಲೆಯೆತ್ತದೆ ಕಳುಹಿಸಿಬಿಟ್ಟ ಆ ಹುಡುಗನ ಪ್ರಶ್ನೆಯು ಏನಿದ್ದಿರಬಹುದೆಂಬ ಯೋಚನೆಯು ಬಂದಿತು. ಅದನ್ನು ಕೇಳುವ ಹೊತ್ತು ಕಳೆದುಹೋಯಿತು.

ಗೃಹಸ್ಥರು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಎದ್ದು ಹೋಗುವಾಗ ಬಾಗಿಲಿನಲ್ಲಿ ನಿಂತು, ಆ ಕಾಲೇಜಿಗೆ ಬೆಳಗ್ಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಮರುದಿನ ಬೆಳಗಿನ ಜಾವದಲ್ಲಿ ನೆರೆಮನೆಯಿಂದ ತಂಬೂರಿಯ ಶ್ರುತಿಯು ಕೇಳಿಸಿತು.

ತಮ್ಮ ಮನೆಗಳಲ್ಲಿಯೂ ಇಂಥ ಪ್ರಶ್ನೆಯು ಬಂದಿದ್ದರೆ, ಅದನ್ನು ಹೇಗೆ ತೀರ್ಮಾನಿಸಿದಿರೆಂಬುದನ್ನು ವಾಚಕರು ಬರೆದು ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.